ಬಚ್ಚಲ ನೀರಿನ ಸುಗಂಧಿ

ನಿನ್ನೆ ಸಂಜೆ ಶಾಲೆಯಿಂದ ಬಂದು ಗೇಟು ತೆಗೆಯುವಾಗಲೇ ಗೊತ್ತಾಯಿತು. ಹೂವು ಕಾಣಲಿಲ್ಲ, ಪರಿಮಳ ಬಂತು. ಕೊಡೆ ಮಡಚದೆ ಹಾಗೇ ಮನೆಯ ಹಿಂದಕ್ಕೆ ಹೋದೆ. ಬಚ್ಚಲ ಪೈಪಿನ ಪಕ್ಕ, ಜಡಿಮಳೆಗೆ ಒಂದಿಷ್ಟು ಬಾಗಿಕೊಂಡು, ಈ ವರ್ಷದ ಮೊದಲ ಎರಡು ಸುಗಂಧಿ ಅರಳಿದ್ದವು. ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟ್‌ನ, ಮಳೆಯಲ್ಲಿ ಬೇರೆ ಯಾವ ಹೂವಿಗೂ ಇಷ್ಟು ಧೈರ್ಯ ಇಲ್ಲ. ದಾಸವಾಳ ಮೊಗ್ಗಿನಲ್ಲೇ ಉದುರುತ್ತದೆ, ಗುಲಾಬಿಯ ಕಥೆ ಕೇಳೋದೇ ಬೇಡ.

ಈ ಎರಡು ಹೂವಿಗಾಗಿ ನಾನು ಪಟ್ಟ ಪಾಡನ್ನು ಬರೆಯಬೇಕು ಅಂತ ಸುಮಾರು ದಿನದಿಂದ ಅಂದುಕೊಂಡಿದ್ದೆ.

ಮೊದಲು ಹೆಸರಿನ ಗೊಂದಲ ಮುಗಿಸಿಬಿಡೋಣ. ಸುಗಂಧಿ ಅಂದರೆ ಕೆಲವರಿಗೆ ನನ್ನಾರಿ ಬೇರು, ಷರಬತ್ತು ಮಾಡ್ತಾರಲ್ಲ, ಅದು. ಘಟ್ಟದ ಮೇಲಿನ ನನ್ನ ಗೆಳತಿಗೆ ಸುಗಂಧಿ ಅಂದರೆ ಸುಗಂಧರಾಜ, ಮದುವೆ ಹಾರಕ್ಕೆ ಹಾಕೋದು. ನಾನು ಹೇಳುತ್ತಿರುವುದು ಅದೆರಡೂ ಅಲ್ಲ. ಶುಂಠಿ, ಅರಸಿನ, ಏಲಕ್ಕಿಯ ಮನೆತನದ ಗಿಡ ಇದು. ಎದೆಮಟ್ಟಕ್ಕೆ, ಹಿಡಿಸಿದ ಜಾಗದಲ್ಲಿ ತಲೆಗಿಂತ ಎತ್ತರಕ್ಕೂ ಬೆಳೆಯುತ್ತದೆ. ತುದಿಯಲ್ಲಿ ಹಸಿರು ಪದರ ಪದರದ ಒಂದು ಗೊನೆ, ಆ ಪದರಗಳ ಸಂದಿಯಿಂದ ಸುರುಳಿ ಸುತ್ತಿದ ಉದ್ದ ಬಿಳಿ ಮೊಗ್ಗು ಹೊರಗೆ ಬರುತ್ತದೆ. ಸಂಜೆ ಬಿಚ್ಚಿಕೊಂಡರೆ ಬಿಳಿ ಚಿಟ್ಟೆ ಕೂತ ಹಾಗೆ. ಮೊಗ್ಗು ಸುರುಳಿಯಾಗಿರುವುದಕ್ಕೇ ಇದಕ್ಕೆ ಸುರುಳಿ ಸುಗಂಧಿ ಅಂತಲೂ ಹೆಸರು. ನಮ್ಮ ಕಡೆ ಸುಮ್ನೆ ಸುಗಂಧಿ.

ನನ್ನ ಅಜ್ಜನಮನೆ ಕಾಸರಗೋಡು ಜಿಲ್ಲೆಯ ಬಾಯಾರಿನಲ್ಲಿ. ಅಲ್ಲಿ ಇದು ಬಚ್ಚಲ ಹಿಂದೆ, ಸ್ನಾನದ ನೀರು ಹರಿದು ತೋಟಕ್ಕೆ ಹೋಗುವ ಕಣಿಯ ಎರಡೂ ಬದಿಗೆ, ಯಾರೂ ಕೇಳುವವರಿಲ್ಲದೆ ಬೆಳೆದಿತ್ತು. ಪಕ್ಕದಲ್ಲಿ ಕೆಸು, ಒಂದೆರಡು ಬಾಳೆ. ಯಾರೂ ಅದಕ್ಕೆ ಗೊಬ್ಬರ ಹಾಕಿದ್ದು ನಾನು ನೋಡಿಲ್ಲ. ಅಜ್ಜಿ ನಾಲ್ಕು ಗಂಟೆಯ ಚಹಾ ಮುಗಿಸಿ ಅಡಿಕೆ ಹಾಳೆಯ ತುಂಡೊಂದು ಹಿಡಿದುಕೊಂಡು ಹೋಗಿ, ಅಂದು ಅರಳುವ ಮೊಗ್ಗುಗಳನ್ನು ಮಾತ್ರ ಆರಿಸಿ ಎಳೆದು ತರುತ್ತಿದ್ದರು. ಯಾವುದು ಅಂದಿನದು, ಯಾವುದು ನಾಳೆಯದು ಅಂತ ನೋಡಿದರೆ ಅವರಿಗೆ ಗೊತ್ತಾಗುತ್ತಿತ್ತು. ನನಗೆ ಇವತ್ತಿಗೂ ಹತ್ತರಲ್ಲಿ ಮೂರು ತಪ್ಪುತ್ತದೆ. ತೊಟ್ಟಿನ ಹಾಗಿರುವ ಉದ್ದ ಕೊಳವೆ ಇರುವುದರಿಂದ ಬಾಳೆನಾರಿನಲ್ಲಿ ಕಟ್ಟೋದು ಸುಲಭ. ಕಟ್ಟಿ ದೇವರಿಗೊಂದು ತುಂಡು, ನಮ್ಮ ಜಡೆಗೊಂದು ತುಂಡು. ದೀಪ ಹಚ್ಚುವ ಹೊತ್ತಿಗೆ ಜಡೆಯಲ್ಲೇ ಅರಳುತ್ತಿತ್ತು. ಅದರ ಪರಿಮಳ ತಲೆದಿಂಬಿಗೆ ಹತ್ತಿಕೊಂಡು ಬೆಳಗ್ಗೆಯವರೆಗೆ ಇರುತ್ತಿತ್ತು.

ಐದು ವರ್ಷದ ಹಿಂದೆ ಬದಿಯಡ್ಕದ ಹತ್ತಿರ ಹತ್ತು ಸೆಂಟ್ಸ್ ಜಾಗದಲ್ಲಿ ನಮ್ಮ ಮನೆ ಆಯಿತು. ಒಕ್ಕಲಿಗೆ ಬಂದ ಅತ್ತೆ, ಅಂದರೆ ಬಾಯಾರಿನ ಮಾವನ ಹೆಂಡತಿ, ಪ್ಲಾಸ್ಟಿಕ್ ಚೀಲದಲ್ಲಿ ಒಂದು ಗೆಡ್ಡೆ ತಂದಿದ್ದರು. ನೋಡಲು ದಪ್ಪ ಶುಂಠಿ. "ಬಚ್ಚಲ ಹಿಂದೆ ನಡು ಮಾರಾಯ್ತಿ" ಅಂದರು. ನಾನು ಕೇಳಬೇಕಲ್ಲ! ಇಷ್ಟು ಚಂದದ ಹೂವು, ಇಷ್ಟು ಪರಿಮಳ, ಅದನ್ನು ಹೊಸ ಮನೆಯ ಬಚ್ಚಲ ಹಿಂದೆ ಬಚ್ಚಿಡೋದಾ? ಎದುರಿನ ಮೆಟ್ಟಿಲ ಪಕ್ಕ ಇಡಲು ಎರಡು ದೊಡ್ಡ ಸಿಮೆಂಟ್ ಚಟ್ಟಿ ತಂದೆ. ಕೋಕೋಪೀಟ್, ಎರೆಗೊಬ್ಬರ, ಯೂಟ್ಯೂಬಿನಲ್ಲಿ ಹೇಳಿದ್ದೆಲ್ಲ ಹಾಕಿದೆ. ಎಲೆ ಬಂತು. ಒಳ್ಳೆಯ ಎಲೆ. ಆಮೇಲೆ ಎಲೆಯ ಮೇಲೆ ಎಲೆ ಬಂತು. ಹೂವು ಮಾತ್ರ ಇಲ್ಲ. ಮಾರ್ಚ್‌ನಲ್ಲಿ ಎಲೆಯ ಅಂಚು ಕಂದಾಗಲು ಶುರುವಾಯಿತು, ಏಪ್ರಿಲ್ ಹೊತ್ತಿಗೆ ಸುಟ್ಟ ಹಪ್ಪಳದ ಹಾಗೆ ಆಯಿತು.

ಎರಡನೇ ವರ್ಷ ಚಟ್ಟಿಯಲ್ಲಿ ಬೇರಿಗೆ ಜಾಗ ಸಾಲದು ಅಂತ ನಾನೇ ತೀರ್ಮಾನ ಮಾಡಿ ಎದುರು ಅಂಗಳದ ಬದಿಯಲ್ಲಿ ನೆಲಕ್ಕೆ ನೆಟ್ಟೆ. ಅಲ್ಲಿ ಮಣ್ಣು ಅಂತ ಇರೋದು ಒಂದು ಅಡಿ, ಅದರ ಕೆಳಗೆ ಮುರಕಲ್ಲು, ಅಂದರೆ ತೂತು ತೂತಿನ ಕೆಂಪು ಕಲ್ಲು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ ಅಂತ ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡುವವಳೂ ನಾನೇ, ಬೇಸಗೆಯಲ್ಲಿ ಬಾವಿಯ ತಳ ನೋಡುವವಳೂ ನಾನೇ. ಬಿದ್ದ ನೀರು ಮುರ ಮಣ್ಣಿನಲ್ಲಿ ಜಾರಿಕೊಂಡು ಕೆಳಗೆ ಹೋಗುತ್ತದೆ, ಇಲ್ಲವಾದರೆ ಮೇಲಿಂದಲೇ ಹರಿದು ತೋಡು ಸೇರುತ್ತದೆ. ಗಿಡಕ್ಕೆ ಉಳಿಯೋದು ಕಡಿಮೆ. ಅದರ ಮೇಲೆ ಪಶ್ಚಿಮದ ಬಿಸಿಲು ಬೇರೆ. ಆ ವರ್ಷ ಒಂದೇ ಒಂದು ಗೊನೆ ಬಂತು, ಅದರಲ್ಲಿ ನಾಲ್ಕೈದು ಹೂವು, ಅದೂ ಸಣ್ಣದು, ಬೆಳಗ್ಗೆಗೆ ಬಾಡಿತು.

ಅತ್ತೆಗೆ ಫೋನ್ ಮಾಡಿ ಗೆಡ್ಡೆಯಲ್ಲೇ ಏನೋ ದೋಷ ಇರಬೇಕು ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಚ್ಚಲ ಹಿಂದೆ ನೆಟ್ಟಿದ್ದೀಯಾ?" ಅಂತ ಕೇಳಿದರು. ನಾನು ನೆಟ್‌ವರ್ಕ್ ಸರಿ ಇಲ್ಲ ಅಂದೆ.

ಇದು ತೇವದ ಗಿಡ ಅಂತ ಓದಿದ ಮೇಲೆ ಗೊತ್ತಾಯಿತು. ಇದರ ತವರು ಹಿಮಾಲಯದ ಪೂರ್ವದ ತಪ್ಪಲು, ಅಲ್ಲಿಂದ ಆಚೆ ಚೀನಾದ ದಕ್ಷಿಣದವರೆಗೆ. ಕಾಡಿನ ಅಂಚು, ತೊರೆಯ ಬದಿ, ಅರ್ಧ ನೆರಳು, ಕೊಳೆತ ಎಲೆಯ ಕಪ್ಪು ಮಣ್ಣು, ಇಷ್ಟು ಇದ್ದರೆ ಅದು ಖುಷಿಯಾಗಿ ಹಬ್ಬುತ್ತದೆ. ನಮ್ಮ ಕರಾವಳಿಯ ಮನೆಗಳಲ್ಲಿ ವರ್ಷವಿಡೀ ಒದ್ದೆಯಾಗಿ, ನೆರಳಾಗಿ ಇರುವ ಜಾಗ ಯಾವುದು ಹೇಳಿ? ಬಚ್ಚಲ ಹಿಂದೆ ಮಾತ್ರ. ಬೇಸಗೆಯಲ್ಲಿ ಬಾವಿ ಆರಿದರೂ ಮನೆಯವರು ದಿನಕ್ಕೊಮ್ಮೆಯಾದರೂ ಸ್ನಾನ ಮಾಡಲೇಬೇಕು, ಆ ನೀರು ಹೋಗಲೇಬೇಕು. ಇನ್ನೊಂದು ವಿಷಯ ನನಗೆ ಹೊಳೆದದ್ದು ತಡವಾಗಿ. ಅಜ್ಜನಮನೆಯ ಬಚ್ಚಲ ಒಲೆಯ ಬೂದಿಯನ್ನು ದಿನಾ ಬೆಳಗ್ಗೆ ಬಾಚಿ ಎಲ್ಲಿಗೆ ಬಿಸಾಡುತ್ತಿದ್ದರು? ಅದೇ ಕಣಿಯ ಬದಿಗೆ. ಬೂದಿ ಅಂದರೆ ಪೊಟ್ಯಾಷ್. ಗೊಬ್ಬರ ಹಾಕಿದ್ದು ನಾನು ನೋಡಿಲ್ಲ ಅಂದೆನಲ್ಲ, ದಿನಾ ಹಾಕುತ್ತಿದ್ದರು, ನನಗೆ ಅದು ಕಸ ಬಿಸಾಡಿದ ಹಾಗೆ ಕಂಡಿತ್ತು ಅಷ್ಟೆ.

ಹಾಗಾಗಿ ಮೂರನೇ ವರ್ಷ, ಮೇ ಕೊನೆಯಲ್ಲಿ ಎರಡು ಮಳೆ ಬಿದ್ದ ಮೇಲೆ, ನಮ್ಮನೆಯವರನ್ನು ಕಾಡಿ ಬೇಡಿ ಬಚ್ಚಲ ಪೈಪನ್ನು ಇಂಗುಗುಂಡಿಯಿಂದ ಬಿಡಿಸಿದೆ. ಶೌಚಾಲಯದ ಪೈಪು ಬೇರೆ, ಅದು ಟ್ಯಾಂಕಿಗೇ ಹೋಗುತ್ತದೆ, ಹೆದರಬೇಡಿ. ಸ್ನಾನದ ನೀರು ಮಾತ್ರ ಹೊರಗೆ. ಒಂದೂವರೆ ಅಡಿ ಅಗಲ, ಒಂದು ಅಡಿ ಆಳ, ಹನ್ನೆರಡು ಅಡಿ ಉದ್ದದ ಕಣಿ. ಮುರಕಲ್ಲು ಸಿಕ್ಕಿದ ಕಡೆ ಹಾರೆಯೇ ಮುರಿಯುತ್ತದೋ ಅನ್ನಿಸಿತು. ತಳಕ್ಕೆ ತೆಂಗಿನ ಸಿಪ್ಪೆ, ಒಳಬದಿ ಮೇಲೆ ಮಾಡಿ ಹಾಕಿದ್ದು, ನೀರು ಹಿಡಿದುಕೊಳ್ಳಲಿ ಅಂತ. ಅದರ ಮೇಲೆ ಪಕ್ಕದ ತೋಟದಿಂದ ತಂದ ಮಣ್ಣು, ಹಟ್ಟಿಗೊಬ್ಬರ, ಎರಡು ಬುಟ್ಟಿ ಸುಡುಮಣ್ಣು. ಗೆಡ್ಡೆಯನ್ನು ಕಣಿಯ ಒಳಗೆ ನೆಡಲಿಲ್ಲ, ದಂಡೆಯಲ್ಲಿ ನೆಟ್ಟೆ. ಇದು ಮುಖ್ಯ. ತೇವ ಬೇಕು ಅಂತ ನೀರು ನಿಲ್ಲುವಲ್ಲೇ ಹೂತುಬಿಟ್ಟರೆ ಹೊಸ ತುಂಡು ಶುಂಠಿಯ ಹಾಗೆ ಕೊಳೆಯುವುದೂ ಉಂಟು. ಎರಡು ಇಂಚು ಆಳ, ಕಣ್ಣು ಮೇಲೆ ಮಾಡಿ, ಒಂದರಿಂದ ಒಂದಕ್ಕೆ ಒಂದೂವರೆ ಅಡಿ. ಒಂದೊಂದು ತುಂಡಿಗೆ ಎರಡು ಕಣ್ಣಾದರೂ ಇರಬೇಕು.

ಆಗಸ್ಟ್‌ನಲ್ಲಿ ಹೂವು ಬಂತು. ಒಂದಲ್ಲ, ಆರು ಗೊನೆ. ಒಂದೊಂದು ಪದರದಲ್ಲಿ ಎರಡರಿಂದ ಐದಾರು ಮೊಗ್ಗು ಇರುತ್ತದೆ, ದಿನಕ್ಕೆ ಕೆಲವು ಅರಳುತ್ತಾ ಹೋಗುತ್ತದೆ. ಹಾಗಾಗಿ ಒಂದು ಗೊನೆ ಎರಡು ಮೂರು ವಾರ ಬಂತು. ಅಕ್ಟೋಬರ್‌ವರೆಗೂ ನಮ್ಮ ಮನೆಯ ಹಿಂಬದಿ ಮುಂಬದಿಗಿಂತ ಚಂದ ಇತ್ತು.

ಆ ಪರಿಮಳ ಹಿಡಿದುಕೊಂಡು ಬಂದದ್ದು ಪಕ್ಕದ್ಮನೆ ಚೇಚಿ, ಮಲಯಾಳದಲ್ಲಿ ಚೇಚಿ ಅಂದರೆ ಅಕ್ಕ. ಆವರಣ ಗೋಡೆಯಾಚೆಯಿಂದ ಇಣುಕಿ, "ಅಯ್ಯೋ, ಇದು ಕಲ್ಯಾಣಸೌಗಂಧಿಕಂ ಅಲ್ಲೇ!" ಅಂದರು. ಮಲಯಾಳದಲ್ಲಿ ಇದಕ್ಕೆ ಅದೇ ಹೆಸರು. ದ್ರೌಪದಿಯ ಮುಂದೆ ಗಾಳಿಯಲ್ಲಿ ಒಂದು ಹೂವು ಬಂದು ಬಿದ್ದು, ಇನ್ನಷ್ಟು ಬೇಕು ಅಂತ ಅವಳು ಕೇಳಿ, ಭೀಮ ಹುಡುಕಿಕೊಂಡು ಹೊರಟು, ದಾರಿಯಲ್ಲಿ ಬಾಲ ಚಾಚಿ ಮಲಗಿದ್ದ ಹನುಮಂತ ಸಿಕ್ಕುತ್ತಾನಲ್ಲ, ಆ ಹೂವು. ಅವರಿಗೆ ಅದು ಕಥಕಳಿಯ ಕಥೆ, ನಮಗೆ ಬಯಲಾಟದ ಕಥೆ. ಗೋಡೆಯ ಆಚೆ ಈಚೆ ನಿಂತು ಇಬ್ಬರೂ ಅದನ್ನೇ ಹೇಳಿಕೊಂಡೆವು, ಅವರು ಅರ್ಧ ಕನ್ನಡದಲ್ಲಿ, ನಾನು ಅರ್ಧ ಮಲಯಾಳದಲ್ಲಿ. ಮಹಾಭಾರತದ ಕಥೆಯಲ್ಲಿ ಆ ಹೂವು ಇರೋದು ಕುಬೇರನ ಕೊಳದ ನೀರಿನಲ್ಲಿ, ಹಾಗಾಗಿ ಅದು ತಾವರೆಯ ಜಾತಿಯೇ ಇರಬೇಕು. ಇದನ್ನು ನಾನು ಚೇಚಿಗೆ ಹೇಳಲು ಹೋಗಲಿಲ್ಲ. ಭೀಮ ರಾಕ್ಷಸರ ಜೊತೆ ಹೊಡೆದಾಡಿ ತಂದ ಹೂವು ಇದೇ ಅಂತ ಅವರು ನಂಬಿದ್ದಾರೆ, ನಾನೂ ಮುರಕಲ್ಲಿನ ಜೊತೆ ಹೊಡೆದಾಡಿದ್ದೇನೆ, ಇರಲಿ ಬಿಡಿ.

ಮಗಳು ಆಗ ಪ್ಲಸ್ ಟು, ಬಯಾಲಜಿ. ಒಂದು ಹೂವು ಕಿತ್ತು ಬ್ಲೇಡಿನಲ್ಲಿ ಕತ್ತರಿಸಿ ಪೇಪರಿನ ಮೇಲೆ ಹರಡಿದಳು. "ಅಮ್ಮ, ನೀನು ಎಸಳು ಅಂತ ಹೇಳ್ತಿರೋದು ಎಸಳೇ ಅಲ್ಲ" ಅಂದಳು. ನೋಡಿದರೆ ಹೌದು. ನಿಜವಾದ ಎಸಳು ಮೂರು, ಸಪೂರ ರಿಬ್ಬನ್ ಚೂರಿನ ಹಾಗೆ ಹಿಂದೆ ಜೋತುಬಿದ್ದಿರುತ್ತದೆ, ಯಾರೂ ಗಮನಿಸುವುದಿಲ್ಲ. ಚಿಟ್ಟೆಯ ರೆಕ್ಕೆಯ ಹಾಗೆ ಅಗಲವಾಗಿರುವುದೆಲ್ಲ ಕೇಸರಗಳು. ಪರಾಗ ಮಾಡುವ ಕೆಲಸ ಬಿಟ್ಟು ಎಸಳಿನ ವೇಷ ಹಾಕಿಕೊಂಡಿವೆ. ಮುಂದಿನ ದೊಡ್ಡ ತುಟಿಯಂತೂ ಎರಡು ಕೇಸರ ಕೂಡಿ ಆದದ್ದು. ಪರಾಗ ಇರುವ ಕೇಸರ ಉಳಿದಿರುವುದು ಒಂದೇ, ಅದರ ನಡುವಿನ ಸಂದಿಯಲ್ಲಿ ಹೆಣ್ಣು ನಾಳ ನೂಲಿನ ಹಾಗೆ ತೂರಿಕೊಂಡು ಬರುತ್ತದೆ. ಶುಂಠಿಯ ಮನೆತನದ ಹೂವಿನ ಕಟ್ಟೋಣವೇ ಹಾಗಂತೆ. ಕತ್ತಲಾದ ಮೇಲೆ ಪರಿಮಳ ಜಾಸ್ತಿಯಾಗುವುದೂ ಬಿಳಿ ಬಣ್ಣವೂ ಸುಮ್ನೆ ಅಲ್ಲ. ಉದ್ದ ನಾಲಿಗೆಯ ರಾತ್ರಿ ಪತಂಗಗಳಿಗೆ ಆ ಉದ್ದ ಕೊಳವೆಯ ತಳದ ಜೇನು ಮೀಸಲು.

ಹೆಡಿಕಿಯಂ ಕೊರೋನೇರಿಯಂ ಅನ್ನುವುದು ಇದರ ಶಾಸ್ತ್ರೀಯ ಹೆಸರು, ಅದನ್ನೂ ಅವಳೇ ಹುಡುಕಿ ಹೇಳಿದ್ದು. ಗ್ರೀಕ್‌ನಲ್ಲಿ ಸಿಹಿ ಮತ್ತು ಹಿಮ ಅನ್ನುವ ಎರಡು ಪದ ಸೇರಿ ಹೆಡಿಕಿಯಂ ಆಗಿದೆ. ಹಿಮ ಅಂದರೆ ಫ್ರಿಜ್ಜಿನ ಮೇಲಿನ ಪೆಟ್ಟಿಗೆಯಲ್ಲಿ ಕಂಡದ್ದು ಬಿಟ್ಟರೆ ನಮಗೇನು ಗೊತ್ತು, ಆದರೆ ಬೆಳದಿಂಗಳಲ್ಲಿ ಇದನ್ನು ನೋಡಿದರೆ ಹೆಸರು ಇಟ್ಟವರ ಮೇಲೆ ಸಿಟ್ಟು ಬರುವುದಿಲ್ಲ. ಇಟ್ಟವರು ಯೊಹಾನ್ ಗೆರ್ಹಾರ್ಡ್ ಕೋನಿಗ್, ಲಿನೇಯಸ್‌ನ ಶಿಷ್ಯ, ತಮಿಳುನಾಡಿನ ತರಂಗಂಬಾಡಿಗೆ ವೈದ್ಯರಾಗಿ ಬಂದವರು. ಹೆಸರು ಅಚ್ಚಾದದ್ದು 1783ರಲ್ಲಿ. ಎಲ್ಲೋ ದೂರದ ಕ್ಯೂಬಾಕ್ಕೆ ಇದು ರಾಷ್ಟ್ರೀಯ ಹೂವು. ಅಲ್ಲಿ ಮಾರಿಪೋಸಾ ಅಂತ ಕರೆಯುತ್ತಾರೆ, ಅದರ ಅರ್ಥವೂ ಚಿಟ್ಟೆಯೇ. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಹೆಂಗಸರು ಮುಡಿದ ಈ ಹೂವಿನೊಳಗೆ ಗುಟ್ಟಿನ ಚೀಟಿ ಸಾಗಿಸುತ್ತಿದ್ದರು ಅಂತ ಅಲ್ಲಿನವರು ಹೇಳುತ್ತಾರೆ. ನಾನು ಮುಡಿದುಕೊಂಡು ಶಾಲೆಗೆ ಹೋದರೆ ಮಧ್ಯಾಹ್ನ ಊಟದ ಬೆಲ್ಲಿಗೆ ಮುದ್ದೆಯಾಗಿ ಗಾಜಿನ ಬಣ್ಣಕ್ಕೆ ತಿರುಗುತ್ತದೆ. ಚೀಟಿ ಇಟ್ಟಿದ್ದರೆ ಎರಡನೇ ಪೀರಿಯಡ್‌ಗೆ ಸಿಕ್ಕಿಬೀಳುತ್ತಿದ್ದೆ.

ಒಂದು ಎಚ್ಚರಿಕೆ. ಇದೇ ಗಿಡ ಬ್ರೆಜಿಲ್, ಹವಾಯಿ, ದಕ್ಷಿಣ ಆಫ್ರಿಕಾದಲ್ಲಿ ತೊರೆಯ ಬದಿಯನ್ನೆಲ್ಲ ಆಕ್ರಮಿಸಿಕೊಂಡು ಕಳೆಯಾಗಿ ಕೂತಿದೆ. ನಮ್ಮ ಮನೆಯಲ್ಲಿ ಕಾಯಿ ಕಚ್ಚಿದ್ದು ನಾನು ನೋಡಿಲ್ಲ, ಆದರೆ ಗೆಡ್ಡೆಯ ತುಂಡು ಸಾಕು ಅದಕ್ಕೆ. ಅಗೆದು ತೆಗೆದದ್ದನ್ನು ದಯವಿಟ್ಟು ತೋಡಿಗೆ ಎಸೆಯಬೇಡಿ. ಬಿಸಿಲಿಗೆ ಒಣಗಿಸಿ ಸುಡುಮಣ್ಣಿನ ರಾಶಿಗೆ ಹಾಕಿ.

ಗೆಡ್ಡೆಯ ತುಂಡಿನ ತಾಕತ್ತು ನನಗೆ ಗೊತ್ತಾದದ್ದು ಹಂದಿಗಳಿಂದ. ಹೋದ ವರ್ಷ ಜೂನ್‌ನಲ್ಲಿ ಒಂದು ಬೆಳಗ್ಗೆ ಎದ್ದು ನೋಡಿದರೆ ಹನ್ನೆರಡು ಅಡಿ ಕಣಿಯನ್ನು ಯಾರೋ ಟಿಲ್ಲರ್ ಹಾಕಿ ಉತ್ತ ಹಾಗೆ ಇತ್ತು. ಕಾಡುಹಂದಿ. ಎರೆಹುಳಕ್ಕೆ ಬಂದದ್ದೋ ಗೆಡ್ಡೆಗೆ ಬಂದದ್ದೋ ಅವಕ್ಕೇ ಗೊತ್ತು. ಬುಡ ಸಮೇತ ಕಿತ್ತು, ಕಚ್ಚಿ, ಉಗಿದು, ಬಾಳೆಯನ್ನೂ ಮಲಗಿಸಿ ಹೋಗಿದ್ದವು. ಯಾರಿಗೆ ದೂರು ಹೇಳೋದು? ಕೆಳಗಿನ ತೋಟದವರು ಮರಗೆಣಸು ಪೂರ್ತಿ ಕಳೆದುಕೊಂಡು ಕೂತಿದ್ದರು, ನಾನು ಹೋಗಿ ಹೂವಿನ ಗಿಡ ಹೋಯಿತು ಅಂತ ಅತ್ತರೆ ನಗುತ್ತಾರೆ. ಎರಡು ದಿನ ನನಗೆ ಆ ಕಡೆ ಹೋಗಲೂ ಮನಸ್ಸಿರಲಿಲ್ಲ. ಆಮೇಲೆ ಸಿಕ್ಕ ತುಂಡುಗಳನ್ನು ಹೆಕ್ಕಿ, ಕಣ್ಣು ಇದ್ದದ್ದನ್ನೆಲ್ಲ ಮತ್ತೆ ದಂಡೆಗೆ ಒತ್ತಿದೆ. ಸುತ್ತ ನಾಲ್ಕು ಗೂಟ ಹುಗಿದು ಹಳೆ ಸೀರೆ ಕಟ್ಟಿದೆವು, ಇಲ್ಲಿ ಎಲ್ಲರೂ ಮಾಡುವ ಉಪಾಯ. ನನ್ನ ಮದುವೆಯ ಮರುವರ್ಷದ ಒಂದು ಗುಲಾಬಿ ಸೀರೆ ಈಗ ಅಲ್ಲಿದೆ. ತುಂಡುಗಳು ಹದಿನೈದು ಇಪ್ಪತ್ತು ದಿನದಲ್ಲಿ ಚಿಗುರಿದವು, ನಾನು ಕಾಣದೆ ಬಿಟ್ಟವು ಕೂಡ, ಬಾಳೆಯ ಬುಡದಲ್ಲಿ, ಒಗೆಯುವ ಕಲ್ಲಿನ ಸಂದಿಯಲ್ಲಿ. ಆ ವರ್ಷ ಹೂವು ತಡವಾಯಿತು, ಕಡಿಮೆಯೂ ಆಯಿತು. ಆದರೆ ಈ ಸಲ ಬುಡಗಳ ಲೆಕ್ಕ ಸಿಗುತ್ತಿಲ್ಲ. ಹಿಂಡು ಒತ್ತಾದರೆ ಮೂರು ನಾಲ್ಕು ವರ್ಷಕ್ಕೊಮ್ಮೆ ಅಗೆದು ಬೇರ್ಪಡಿಸಬೇಕು ಅಂತಾರೆ, ನನ್ನದನ್ನು ಹಂದಿ ಸ್ವಲ್ಪ ಮೊದಲೇ ಮಾಡಿಕೊಟ್ಟಿತು.

ಉಳಿದ ಆರೈಕೆ ಹೆಚ್ಚೇನಿಲ್ಲ. ಒಂದು ದಂಟು ಒಮ್ಮೆ ಹೂವು ಕೊಟ್ಟರೆ ಮುಗಿಯಿತು, ಮತ್ತೆ ಅದರಲ್ಲಿ ಬರುವುದಿಲ್ಲ. ಅದನ್ನು ನೆಲಮಟ್ಟಕ್ಕೆ ಕಡಿದು ಅಲ್ಲೇ ಬುಡಕ್ಕೆ ಹಾಕಿ, ಬಾಳೆಯ ಹಾಗೇ ಲೆಕ್ಕ. ಕಡಿಯದೆ ಬಿಟ್ಟರೆ ಹೊಸ ಮೊಳಕೆಗೆ ಬೆಳಕು ಸಾಲದು. ಕಾಂಡದಲ್ಲಿ ಸಣ್ಣ ತೂತು, ಹೊರಗೆ ಹಿಟ್ಟಿನಂಥ ಪುಡಿ ಕಂಡರೆ ಒಳಗೆ ಹುಳ ಇದೆ, ಶುಂಠಿಗೆ ಬರುವ ಥರದ್ದೇ, ಆ ಕಾಂಡ ಕಡಿದು ಸುಟ್ಟುಬಿಡಿ. ನಾವು ಒಲೆ ಇಲ್ಲದವರು, ಹಾಗಾಗಿ ಚೇಚಿಯ ಮನೆಯಿಂದ ವಾರಕ್ಕೊಂದು ಗೆರಟೆ ಬೂದಿ ಬರುತ್ತದೆ, ಇಲ್ಲಿಂದ ಹೂವು ಹೋಗುತ್ತದೆ. ವಾಷಿಂಗ್ ಮೆಷಿನ್ ನೀರನ್ನು ಮಾತ್ರ ಒಂದು ತಿಂಗಳು ಬಿಟ್ಟು ನೋಡಿ ಕೈ ಸುಟ್ಟುಕೊಂಡೆ. ಎಲೆ ಹಳದಿಯಾಗಿ ಬುಡ ಬಿಳಿಚಿತು. ಪೈಪು ತಿರುಗಿಸಿದ ಮೇಲೆ ಸರಿಯಾಯಿತು. ಮೈಸೋಪಿನ ನೀರಿಗೆ ಅದು ತಕರಾರು ಮಾಡಿಲ್ಲ.

ಅಂದ ಹಾಗೆ, ಅರಸಿನ ಎಲೆ ಅಂತ ತಿಳಿದು ಮಗಳು ಒಮ್ಮೆ ಇದರ ಎಲೆಯನ್ನು ಕಡುಬಿಗೆ ಕೊಯ್ದು ತಂದಿದ್ದಳು. ಇದು ಸಪೂರ, ಅಡಿಯಲ್ಲಿ ಸಣ್ಣ ರೋಮ ಇರುತ್ತದೆ. ಬಯಾಲಜಿ ಓದಿದವಳು!

ಕಳೆದ ಭಾನುವಾರ ಬಾಯಾರಿಗೆ ಹೋಗಿದ್ದೆ. ಮಾವ ಹಳೆ ಬಚ್ಚಲು ಕೆಡವಿ ಟೈಲ್ಸ್ ಹಾಕಿದ ಹೊಸತು ಕಟ್ಟಿಸಿದ್ದಾರೆ. ಗೀಸರ್ ಬಂದಿದೆ, ಒಲೆ ಹೋಗಿದೆ. ನೀರು ಪೈಪಿನಲ್ಲಿ ನೇರ ಗುಂಡಿಗೆ. ಕಣಿ ಇದ್ದಲ್ಲಿ ಇಂಟರ್‌ಲಾಕ್ ಹಾಸಿದ್ದಾರೆ, ಮಗನ ಕಾರು ತಿರುಗಿಸಲು. "ನಮ್ಮ ಸುಗಂಧಿ ಹೋಯ್ತು ಮಾರಾಯ್ತಿ" ಅಂತ ಅತ್ತೆ ಫೋನಿನಲ್ಲಿ ಹೇಳಿದ್ದರು. ಹಾಗಾಗಿ ನಾನು ಬಾಳೆಯೆಲೆಯಲ್ಲಿ ಸುತ್ತಿ ನಾಲ್ಕು ತುಂಡು ತೆಗೆದುಕೊಂಡು ಹೋಗಿದ್ದೆ. ಐದು ವರ್ಷದ ಹಿಂದೆ ಅವರು ಕೊಟ್ಟದ್ದರದ್ದೇ ಮರಿ.

ಎಲ್ಲಿ ನೆಡೋದು ಅಂತ ಇಬ್ಬರೂ ಮನೆಗೆ ಒಂದು ಸುತ್ತು ಬಂದೆವು. ಒದ್ದೆ ಜಾಗ ಎಲ್ಲೂ ಇಲ್ಲ. ಕೊನೆಗೆ ಗುಡ್ಡದ ಬುಡಕ್ಕೆ, ಸುರಂಗದ ಬಾಯಿಗೆ ಹೋದೆವು. ಗೊತ್ತಿಲ್ಲದವರಿಗೆ, ನಮ್ಮ ಕಡೆ ಬಾವಿಯ ಬದಲು ಗುಡ್ಡವನ್ನೇ ಅಡ್ಡಕ್ಕೆ ಕೊರೆದು, ಆಳು ಬಾಗಿಕೊಂಡು ಹೋಗುವಷ್ಟು ಸುರಂಗ ತೋಡಿ ನೀರು ತರುತ್ತಿದ್ದರು. ಪಂಪ್ ಬೇಡ, ಕರೆಂಟ್ ಬೇಡ, ನೀರು ತಾನಾಗಿ ಹರಿದು ಮದಕಕ್ಕೆ, ಅಂದರೆ ಮಣ್ಣಿನ ಕೊಳಕ್ಕೆ, ಬೀಳುತ್ತದೆ. ಇದನ್ನು ಅಜ್ಜನ ಕಾಲದಲ್ಲಿ ತೋಡಿಸಿದ್ದು. ಮದಕದಿಂದ ತುಂಬಿ ಹೊರಗೆ ಚೆಲ್ಲುವ ನೀರಿನ ಪಕ್ಕ, ಒಂದು ಹಲಸಿನ ಮರದ ನೆರಳಲ್ಲಿ, ಅತ್ತೆ ಕತ್ತಿಯ ತುದಿಯಲ್ಲೇ ಮಣ್ಣು ಕೆದಕಿ ನಾಲ್ಕೂ ತುಂಡು ಊರಿದರು. ಮೇಲೆ ತರಗೆಲೆ ಹಾಕಿದರು.

"ಈಗ ನೀರುಂಟು. ಹೋದ ಮಾರ್ಚಿಗೇ ಇದು ನಿಂತಿತ್ತು. ಮೇಲಿನವರೆಲ್ಲ ಬೋರ್ ತೆಗೆಸಿದ ಮೇಲೆ ಹೀಗೆಯೇ" ಅಂದರು ಅತ್ತೆ.

ಮತ್ತೆ ಸ್ವಲ್ಪ ಹೊತ್ತು ಅಲ್ಲೇ ನಿಂತು, ಹೊಸ ಬಚ್ಚಲಿನ ಕಡೆ ತಿರುಗಿ ನೋಡಿ, ಇಲ್ಲಿಗೆ ಎಷ್ಟು ಅಡಿ ಪೈಪು ಬೇಕಾದೀತು ಅಂತ ಕೇಳಿದರು. ನಾನು ಹೆಜ್ಜೆ ಹಾಕಿ ಅಳೆದೆ. ಸುಮಾರು ನೂರಿಪ್ಪತ್ತು ಅಡಿ.